ಸಹಾಯ ಬೇಕು: ಕಿವಿಯಿಂದಲೇ ಬೀಟ್ ಮ್ಯಾಚ್ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಡಿಜೆ ಮಾಡೋದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಬೀಟ್ ಮ್ಯಾಚ್ ಅಂದರೆ ಎರಡು ಹಾಡುಗಳ ಬೀಟ್ ಒಟ್ಟಿಗೇ ಬೀಳುವಂತೆ ಹೊಂದಿಸೋದು. ಸಿಂಕ್ ಬಟನ್ ಒತ್ತಿದರೆ ಎರಡು ಹಾಡುಗಳ ಟೆಂಪೋ (ವೇಗ) ತಾನೇ ಕೂಡಿಕೊಳ್ಳುತ್ತದೆ, ಆದರೆ ನನಗೆ ಕಿವಿಯಿಂದಲೇ ಕಲಿಯುವ ಆಸೆ. 124 ಬಿಪಿಎಂ (ನಿಮಿಷಕ್ಕೆ 124 ಬೀಟ್) ಹಾಡಿಗೆ 126ರದ್ದನ್ನು ಸೇರಿಸುವಾಗ ಪಿಚ್ ಫೇಡರ್, ಅಂದರೆ ಹಾಡಿನ ವೇಗ ಬದಲಿಸುವ ಸ್ಲೈಡರ್, ಸರಿಸುತ್ತೇನೆ. ಹೆಡ್‌ಫೋನಿನಲ್ಲಿ ಮೊದಲು ಎರಡೂ ಹಾಡಿನ ಕಿಕ್ (ಡ್ರಮ್ಮಿನ ದಪ್ಪ ಏಟು) ಒಂದೇ ಏಟಿನಂತೆ ಕೇಳುತ್ತವೆ. ಸ್ವಲ್ಪ ಹೊತ್ತಿಗೆ ದಡ್-ದಡ್ ಅಂತ ಬೇರೆಯಾಗಿಬಿಡುತ್ತವೆ. ಯಾವುದು ಮುಂದೆ ಓಡುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಹಾಡನ್ನು ಹಿಂದೆ ಮುಂದೆ ಸರಿಸುವ ಚಕ್ರವಾದ ಜಾಗ್ ವೀಲನ್ನು ಯಾವ ಕಡೆ ತಳ್ಳಲಿ? ಕಿಕ್ ಕೇಳಬೇಕಾ, ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ತಾಳದ ಚಿಕ್ ಸದ್ದು) ಹಿಡಿದರೆ ಸುಲಭವಾ?

ಬಾಸ್ ಬದಲಿಸುವುದು ಪರವಾಗಿಲ್ಲ. ಹೊಸ ಹಾಡಿನ ಲೋ (ಬಾಸ್ ಸದ್ದು) ಇಳಿಸಿಟ್ಟು, 32 ಬೀಟ್ ಮುಗಿಯುವ ಜಾಗದಲ್ಲಿ ಎರಡು ಹಾಡಿನ ಬಾಸ್ ಅದಲು ಬದಲು ಮಾಡುತ್ತೇನೆ. ಅದು ಕೂಡಿಬಂದಾಗ ಎಷ್ಟು ಖುಷಿ ಗೊತ್ತಾ!

ಸುಮ್ನೆ ಸಿಂಕ್ ಬಳಸಿ ಅನ್ನಬೇಡಿ ದಯವಿಟ್ಟು. ನೀವು ಕಿವಿಯನ್ನು ಹೇಗೆ ಪಳಗಿಸಿದಿರಿ, ಎಂಥ ಹಾಡುಗಳಿಂದ ಶುರು ಮಾಡಿದಿರಿ, ಹೇಳಿ.