ರಾತ್ರೋರಾತ್ರಿ ಬತ್ತಿದ ಸಂಪು: ತೋಟದ ಪಂಪಿನ ಬಗ್ಗೆ ತೀರ್ಮಾನವಾಗಲೇಬೇಕು

ಮೇಲಿನ ಸಾಲಿನ ಕೊನೆಯ ಮನೆ: ಸಂಜೆ ತುಂಬಿದ್ದ ನಮ್ಮೆಲ್ಲರ ಸಂಪು ಬೆಳಗಾಗುವುದರೊಳಗೆ ಬತ್ತಿಹೋಗಿದೆ, ಕೆಳಗಿನ ತಿರುವಿನ ಮನೆಯ ತೋಟದ ಪಂಪು ಮಾತ್ರ ಇನ್ನೂ ಓಡುತ್ತಲೇ ಇದೆ. ಹಾಸಿಗೆ ಹಿಡಿದಿರುವ ಅತ್ತೆಯವರಿಗಾಗಿ ರಸ್ತೆಯಾಚೆಯಿಂದ ಕೊಡದಲ್ಲಿ ನೀರು ಹೊತ್ತು ತಂದೆ. ಕಾಫಿ ಹೂ ಅರಳಿಸುವ ಹೂಮಳೆಯೂ ಬೀಳದ ಈ ಮಾರ್ಚ್‌ನಲ್ಲಿ, ಕೂಟುಹೊಳೆಯ ನೀರನ್ನೇ ನಂಬಿರುವ ನಾವೆಲ್ಲ ಒಬ್ಬರ ಟೊಮೆಟೊ ಗಿಡಗಳಿಗಾಗಿ ಒಣಗಬೇಕೇ?

ಕೆಳಗಿನ ತಿರುವಿನ ಮನೆ: ಅಕ್ಕ, ಪ್ಲಗ್ ಕಿತ್ತಿದ್ದೇನೆ, ಟ್ಯಾಂಕರ್ ನೀರಿನ ಖರ್ಚನ್ನೂ ನಾನೇ ಕೊಡುತ್ತೇನೆ. ಮಣ್ಣು ಒಣಗಿದಾಗ ಮಾತ್ರ ನೀರು ಹೋಗುವಂತೆ ಆರ್ಡುಯಿನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಕೂರಿಸಿದ್ದೆ. ಪೈಪು ಬಿಟ್ಟು ಮರೆಯುವವರಿಗಿಂತ ಈ ಏರ್ಪಾಡಿಗೆ ಕಡಿಮೆ ನೀರು ಸಾಕು.

ಮೂಲೆ ಮನೆ: ಪೈಪು ಬಿಟ್ಟು ಮರೆಯುವವರು ಯಾರೆಂದು ಹೆಸರು ಹೇಳಿ. ಪ್ರತಿ ಮನೆಗೂ ಮೀಟರ್ ಹಾಕಿಸಿ ಎಂದು ಕಳೆದ ಬೇಸಿಗೆಯಲ್ಲೇ ಕೇಳಿದ್ದೆ. ಆಗ ಸಮಿತಿ ಒಪ್ಪಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಮಹಡಿ ಮನೆ: ಅಂಕಲ್, ಮೊದಲು ಕಾರಣ ನೋಡೋಣ. ಮಣ್ಣಿನ ತೇವ ಅಳೆಯುವ ಸೆನ್ಸರನ್ನು ಕಿತ್ತು ನೋಡಿದೆ. ಎರಡು ಕಡ್ಡಿಗಳಲ್ಲಿ ಒಂದರ ಲೇಪ ಪೂರ್ತಿ ಹೋಗಿ ತಾಮ್ರ ಹಸಿರುಗಟ್ಟಿದೆ, ಅಂಚು ಇಲಿ ಕಡಿದಂತೆ ಸವೆದಿದೆ. ಒದ್ದೆ ಮಣ್ಣಿನಲ್ಲಿ ಸದಾ ಒಂದೇ ದಿಕ್ಕಿನ (ಡಿಸಿ) ವಿದ್ಯುತ್ ಹರಿಯುತ್ತಿದ್ದರೆ ಕಡ್ಡಿ ಹೀಗೆ ಕರಗುತ್ತದೆ. ಕರಗಿದ ಕಡ್ಡಿಯಲ್ಲಿ ವಿದ್ಯುತ್ ಸರಿಯಾಗಿ ಹರಿಯದ ಕಾರಣ, ಮಣ್ಣು ಕೆಸರಾಗಿದ್ದರೂ ಒಣಗಿದೆ ಎಂದೇ ಸೆನ್ಸರ್ ಹೇಳುತ್ತದೆ, ಪಂಪು ನಿಲ್ಲುವುದೇ ಇಲ್ಲ. ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ಹಾಕಿ, ಅದರ ಮೇಲ್ತುದಿಯ ಬಿಡಿಭಾಗಗಳಿಗೆ ವಾರ್ನಿಷ್ ಬಳಿಯಬೇಕು. ಮಣ್ಣು ಏನೇ ಹೇಳಲಿ, 5 ನಿಮಿಷಕ್ಕೆ ಪಂಪು ತಾನಾಗಿ ನಿಲ್ಲುವಂತೆ ಪ್ರೋಗ್ರಾಮ್‌ನಲ್ಲಿ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೀರು ಇಳಿದಾಗ ಕರೆಂಟ್ ಕಡಿಯುವ ಫ್ಲೋಟ್ ಸ್ವಿಚ್ಚನ್ನು ಸಂಪಿನ ಅರ್ಧ ಮಟ್ಟದಲ್ಲಿ ಇಟ್ಟು ಪಂಪಿನ ಕರೆಂಟ್ ಲೈನಿಗೇ ಜೋಡಿಸಿದರೆ, ಪ್ರೋಗ್ರಾಮ್ ಕೆಟ್ಟರೂ ಉಳಿದರ್ಧ ನೀರು ಮನೆಗಳಿಗೆ ಉಳಿಯುತ್ತದೆ.

ಹಸಿರು ಗೇಟಿನ ಮನೆ: (ಫಾರ್ವರ್ಡ್ ಆಗಿದೆ) ಸುಟ್ಟ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿ ಮುಚ್ಚಿಡಿ, ಕರೆಂಟಿಲ್ಲದೆ ಬೇರಿಗೆ ತೇವ ಒಸರುತ್ತದೆ! ಹತ್ತು ಜನರಿಗೆ ಕಳುಹಿಸಿ.

ಮೂಲೆ ಮನೆ: ದಯವಿಟ್ಟು ಫಾರ್ವರ್ಡ್ ಬೇಡ. ಒಂದು ಪಂಪಿಗೆ ಸ್ವಿಚ್ ಹಾಕಿದರೆ ನಾಳೆ ಇನ್ನೊಬ್ಬರ ಪಂಪು ಬರುತ್ತದೆ. ಮೀಟರ್ ಇದ್ದರೆ ಯಾರು ಎಷ್ಟು ಎಳೆದರೆಂದು ತಿಳಿಯುತ್ತದೆ.

ಮೇಲಿನ ಸಾಲಿನ ಕೊನೆಯ ಮನೆ: ಸರ್, ಮೀಟರ್ ಲೆಕ್ಕ ಹೇಳುತ್ತದೆ, ನೀರು ನಿಲ್ಲಿಸುವುದಿಲ್ಲ. ಇಂದು ರಾತ್ರಿಯ ಗತಿಯೇನು?

ಕಾರ್ಯದರ್ಶಿ: ಮೀಟರ್ ವಿಷಯಕ್ಕೆ ಹೆಚ್ಚು ಮನೆಗಳ ಒತ್ತಾಯವಿರುವುದರಿಂದ ಭಾನುವಾರ ಅದಕ್ಕಾಗಿಯೇ ಸಭೆ ಕರೆದಿದ್ದೇನೆ. ಪ್ಲಂಬರ್ ಹೇಳುವ ದರವನ್ನು ಅಂದು ತಿಳಿಸುತ್ತೇನೆ.

ಮಹಡಿ ಮನೆ: ಫ್ಲೋಟ್ ಸ್ವಿಚ್ ಯಾರು ತರುತ್ತಾರೆ?

ಮೂಲೆ ಮನೆ: ಮೀಟರ್ ಗೇಟಿನ ಒಳಗೋ ಹೊರಗೋ ಎಂಬುದನ್ನು ಸಭೆಗೆ ಮೊದಲೇ ಎಲ್ಲರೂ ಇಲ್ಲಿ ತಿಳಿಸಿರಿ.

ಹಸಿರು ಗೇಟಿನ ಮನೆ: ಹೊರಗಿರಲಿ.