ಡಾಕ್ಟರ್ ನೋಂದಣಿ ಮತ್ತು ಆಯುಷ್ಮಾನ್ ಕಾರ್ಡ್: ಇವತ್ತಿನ ಪ್ರಶ್ನೋತ್ತರ

ಡಾ. ವೀಣಾ: ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಫಿಜಿಷಿಯನ್. ಡಾಕ್ಟರ ಅರ್ಹತೆ ನೋಡುವುದು ಹೇಗೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಚಿಕಿತ್ಸೆ ಪಡೆಯುವುದು ಹೇಗೆ, ಈ ಎರಡರ ಬಗ್ಗೆ ಕೇಳಿ.

ಮಂಜುನಾಥ: ಮೇಡಂ, ನಮ್ಮದು ಎಪಿಎಲ್ ಕಾರ್ಡ್. ಏನಾದರೂ ಸಿಗುತ್ತದಾ?

ಡಾ. ವೀಣಾ: ಸಿಗುತ್ತದೆ. ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ, ಶೇ. 30ರಷ್ಟನ್ನು ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ. ಬಿಪಿಎಲ್ ಆದರೆ ಪೂರ್ತಿ ಖರ್ಚು, 5 ಲಕ್ಷದವರೆಗೆ.

ಸೌಮ್ಯ: ಮೇಡಂ, ಹುಣಸೂರು ಹತ್ತಿರ ನಮ್ಮ ಊರು. ಅಪ್ಪನಿಗೆ 61 ವರ್ಷ. ಕೆಲವು ದಿನದಿಂದ ನಡೆದರೆ ಎದೆ ಬಿಗಿಯುತ್ತದೆ. ನಿನ್ನೆ ರಾತ್ರಿ ಮಲಗಿದ್ದಾಗಲೂ ಬಂತು, ಮೈಯೆಲ್ಲ ಬೆವರಿತು. ಖಾಸಗಿ ಆಸ್ಪತ್ರೆಯೊಂದರಲ್ಲಿ ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ, ಅದನ್ನು ತೆರೆದಿಡಲು ಸ್ಟೆಂಟ್ ಹಾಕಬೇಕು ಅಂದರು. ಬಿಪಿಎಲ್ ಕಾರ್ಡ್ ಕೊಟ್ಟರೆ, "ಆಸ್ಪತ್ರೆ ಯೋಜನೆಯಲ್ಲಿದೆ, ಈ ಡಾಕ್ಟರ್ ಇಲ್ಲ. ಈಗ ದುಡ್ಡು ಕಟ್ಟಿ, ಆಮೇಲೆ ವಾಪಸ್ ಬರುತ್ತದೆ" ಅಂದರು. ಚೀಟಿಯಲ್ಲಿ ಎಂಬಿಬಿಎಸ್ ಅಂತಿದೆ, ಆಮೇಲೆ ಯಾವುದೋ ಫೆಲೋಶಿಪ್. ನೋಂದಣಿ ಸಂಖ್ಯೆ ಇಲ್ಲ. ದುಡ್ಡು ಹೊಂದಿಸಲು ಅಪ್ಪನನ್ನು ಮನೆಗೆ ಕರೆತಂದಿದ್ದೇವೆ.

ಗೋಪಾಲಯ್ಯ: ತಂಗಿ, ಸ್ಟೆಂಟ್ ಬೇಡ. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ಸೈಡರ್ ವಿನೆಗರ್ ಕುದಿಸಿ, ಜೇನು ಬೆರೆಸಿ ಕುಡಿಸಿ. ಬ್ಲಾಕ್ ಕರಗುತ್ತದೆ. ಎಲ್ಲರಿಗೂ ಕಳಿಸಿ.

ಡಾ. ವೀಣಾ: ಸೌಮ್ಯ ಅವರೇ, ಡಿಗ್ರಿ ಮಾತು ಆಮೇಲೆ. ಮಲಗಿದ್ದಾಗ ಎದೆ ಹಿಡಿದುಕೊಂಡು ಬೆವರಿದ್ದಾರೆ ಅಂದರೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಈಗಲೇ 108ಕ್ಕೆ ಫೋನ್ ಮಾಡಿ. ಅವರನ್ನು ನಡೆಸಬೇಡಿ, ಬೈಕ್ ಮೇಲೆ ಕೂರಿಸಬೇಡಿ. ಹುಣಸೂರು ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. ಒಂದು ಇಸಿಜಿ ನಾರ್ಮಲ್ ಬಂತು ಅಂತ ವಾಪಸ್ ಬರಬೇಡಿ. ಇಸಿಜಿ ಮತ್ತೆ ತೆಗೆಯಬೇಕಾಗುತ್ತದೆ, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತಿಳಿಯಲು ರಕ್ತದಲ್ಲಿ ಟ್ರೊಪೊನಿನ್ ನೋಡಬೇಕಾಗುತ್ತದೆ. ಮೈಸೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಅಲ್ಲಿಗೆ ರೆಫರಲ್ ಬರೆಸಿಕೊಳ್ಳಿ. ತುರ್ತು ಇದ್ದರೆ ರೆಫರಲ್ ಇಲ್ಲದೆಯೂ ಯೋಜನೆಯಲ್ಲಿ ದಾಖಲಾಗಬಹುದು. ಕಾಗದಕ್ಕಾಗಿ ಒಂದು ಗಂಟೆಯೂ ಕಳೆಯಬೇಡಿ.

ಇನ್ನು ಆ ಖಾಸಗಿ ಆಸ್ಪತ್ರೆಯವರು ಹೇಳಿದ ಕಾರಣ. ಯೋಜನೆಗೆ ಸೇರುವುದು ಆಸ್ಪತ್ರೆ, ಅದೂ ವಿಭಾಗವಾರು. ಡಾಕ್ಟರು ಒಬ್ಬೊಬ್ಬರೇ ಸೇರುವುದು, ಬಿಡುವುದು ಅಂತಿಲ್ಲ. ಹೃದಯ ವಿಭಾಗ ಸೇರಬೇಕಾದರೆ ಅಲ್ಲಿ ಅರ್ಹ ತಜ್ಞರು ಇರಬೇಕು. ಆದ್ದರಿಂದ "ಈ ಡಾಕ್ಟರ್ ಇಲ್ಲ" ಅಂದರೆ ನನಗೆ ಆತಂಕ. ಆ ವಿಭಾಗವೇ ಯೋಜನೆಯಲ್ಲಿ ಇಲ್ಲದಿರಬಹುದು, ಅಥವಾ ತಜ್ಞರ ಪಟ್ಟಿಯಲ್ಲಿ ಇವರ ಹೆಸರು ಕೊಡಲು ಆಗದಿರಬಹುದು. ಇದು ನಗದುರಹಿತ ಯೋಜನೆ. ಕಟ್ಟಿದ ದುಡ್ಡು ಆಮೇಲೆ ಬರುತ್ತದೆ ಅನ್ನುವ ಮಾತು ನಂಬಬೇಡಿ. ಯೋಜನೆಯ ಆಸ್ಪತ್ರೆಯಲ್ಲಿ ರೋಗಿಗಳಿಗೆ ನೆರವಾಗಲು ಆರೋಗ್ಯಮಿತ್ರ ಇರುತ್ತಾರೆ, ಬಿಲ್ಲಿಂಗ್ ಕೌಂಟರ್ ಬಿಟ್ಟು ಅವರನ್ನೇ ಕೇಳಬೇಕು. ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೂ ದೂರು ಕೊಡಬಹುದು.

ಸ್ಟೆಂಟ್ ಹಾಕುವವರಿಗೆ ಎಂಡಿ ಆದಮೇಲೆ ಹೃದ್ರೋಗದಲ್ಲಿ ಡಿಎಂ, ಇಲ್ಲವೇ ನ್ಯಾಷನಲ್ ಬೋರ್ಡ್‌ನ ಅದಕ್ಕೆ ಸಮನಾದ ಪದವಿ ಇರಬೇಕು. ಬರೀ ಎಂಬಿಬಿಎಸ್ ಮೇಲೆ ಫೆಲೋಶಿಪ್ ಸಾಲದು. ಚೀಟಿ, ರಸೀದಿ ಎರಡರಲ್ಲೂ ನೋಂದಣಿ ಸಂಖ್ಯೆ ಹಾಕಬೇಕು ಅಂತ 2002ರ ವೈದ್ಯ ನಡತೆ ನಿಯಮವೇ ಹೇಳುತ್ತದೆ. ಆ ಡಾಕ್ಟರ ಹೆಸರನ್ನು ವೈದ್ಯರ ನೋಂದಣಿ ಮಾಡುವ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಹುಡುಕಿಸಿ, ಆದರೆ ಅಪ್ಪ ಆಸ್ಪತ್ರೆ ಸೇರಿದ ಮೇಲೆ. ಖಾಸಗಿ ಆಸ್ಪತ್ರೆಯ ರಿಪೋರ್ಟ್‌ಗಳನ್ನೂ ಬರೆದುಕೊಟ್ಟು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು.

ಗೋಪಾಲಯ್ಯನವರೇ, ಆ ಕಷಾಯದಿಂದ ಬ್ಲಾಕ್ ಕರಗುವುದಿಲ್ಲ. ದಯವಿಟ್ಟು ಅಳಿಸಿ.

ಲತಾ: ಸಹಕಾರ ಸಂಘದವರ ಯಶಸ್ವಿನಿ ಆರೋಗ್ಯ ಕಾರ್ಡ್ ಇದ್ದರೆ ಆಯುಷ್ಮಾನೂ ಮಾಡಿಸಬಹುದಾ?

ರಫೀಕ್: ಡಾಕ್ಟರ್ ನಕಲಿನೇ. ಆಸ್ಪತ್ರೆ ಹೆಸರು ಹಾಕಿ, ಎಲ್ಲರಿಗೂ ಗೊತ್ತಾಗಲಿ.

ಡಾ. ವೀಣಾ: ಹಾಕಬೇಡಿ. ಚೀಟಿಯಲ್ಲಿ ಸಂಖ್ಯೆ ಇಲ್ಲ ಅಂದ ಮಾತ್ರಕ್ಕೆ ನಕಲಿ ಅನ್ನುವ ಹಾಗಿಲ್ಲ. ಕೌನ್ಸಿಲ್ ಉತ್ತರ ಬರಲಿ.

ಪ್ರಕಾಶ್: ಖಾಸಗಿಯವರಿಗೆ ಸರ್ಕಾರದ ಬಿಲ್ ತಡವಾಗುತ್ತದೆ. ಪ್ಯಾಕೇಜ್ ದರವೂ ಕಡಿಮೆ. ಅವರೇನು ಮಾಡಬೇಕು?

ರಫೀಕ್: ಹಾಗಾದರೆ ಯೋಜನೆ ಬಿಡಲಿ. ಬೋರ್ಡ್ ಹಾಕಿಕೊಂಡು ಬಡವರ ಹತ್ತಿರ ಯಾಕೆ ದುಡ್ಡು ಕೇಳಬೇಕು?

ಪ್ರಕಾಶ್: ನೀವು ಒಂದು ಆಸ್ಪತ್ರೆ ನಡೆಸಿ ನೋಡಿ ಸಾರ್.

ರಫೀಕ್: ನಿಮ್ಮದು ಎಷ್ಟು ಆಸ್ಪತ್ರೆ ಇವೆ?

ಗೋಪಾಲಯ್ಯ: ನಮ್ಮ ಹಿರಿಯರು ಸ್ಟೆಂಟ್ ಹಾಕಿಸಿಕೊಂಡಿದ್ದರಾ? ಎದೆನೋವು ಬಂದಾಗ ಜೋರಾಗಿ ಕೆಮ್ಮಿದರೂ ಹಾರ್ಟ್ ಅಟ್ಯಾಕ್ ನಿಲ್ಲುತ್ತದೆ. ವಿಡಿಯೋ ಇದೆ.

ಡಾ. ವೀಣಾ: ನಿಲ್ಲುವುದಿಲ್ಲ. ಕೆಮ್ಮುತ್ತಾ ಕೂತವರು ಆಸ್ಪತ್ರೆಗೆ ತಡವಾಗಿ ಬರುತ್ತಾರೆ. ಹಾಗೆ ಬಂದವರನ್ನು ನಾನು ನೋಡಿದ್ದೇನೆ. ಇನ್ನೊಂದು ಫಾರ್ವರ್ಡ್ ಬಂದರೆ ಅಡ್ಮಿನ್ ನಿಮ್ಮನ್ನು ತೆಗೆಯಲಿ. ಪ್ರಕಾಶ್, ರಫೀಕ್, ನಿಮ್ಮ ಜಗಳ ಬೇರೆ ಕಡೆ ಆಡಿ. ಸೌಮ್ಯ, ಹೊರಟಿರಾ?

ನಾಗರತ್ನ: ಮೇಡಂ, ಎಪಿಎಲ್‌ನವರಿಗೆ ಎಷ್ಟು?

ಡಾ. ವೀಣಾ: ಮೇಲೆ ಬರೆದಿದ್ದೇನೆ.

ಲತಾ: ನನ್ನ ಯಶಸ್ವಿನಿ ಪ್ರಶ್ನೆ?

ಸೌಮ್ಯ: ಆಂಬುಲೆನ್ಸ್‌ನಲ್ಲಿದ್ದೇವೆ ಮೇಡಂ. ಹುಣಸೂರಿನಲ್ಲಿ ಇಸಿಜಿ ಆಯಿತು. ಜಯದೇವಕ್ಕೆ ಬರೆದುಕೊಟ್ಟಿದ್ದಾರೆ.

ಡಾ. ವೀಣಾ: ಆ ಇಸಿಜಿ ಕೈಯಲ್ಲೇ ಇರಲಿ. ಕ್ಯಾಷುವಾಲ್ಟಿಯಲ್ಲಿ ಮೊದಲು ಅದನ್ನು ಕೊಡಿ. ರೇಷನ್ ಕಾರ್ಡ್, ಆಧಾರ್ ಕೆಲಸಕ್ಕೆ ಇನ್ನೊಬ್ಬರು ಓಡಾಡಲಿ, ನೀವು ಅಪ್ಪನ ಹತ್ತಿರ ಇರಿ.