ದೀಪ ಆರಿದ ಮೇಲೆ ರೀಫ್ ಟ್ಯಾಂಕ್: ಏನು ನೋಡಬೇಕು, ಹೇಗೆ ನೋಡಬೇಕು?

ಪ್ರಶ್ನೆ (ಕಾರವಾರ): ಮೇಡಂ, ನಮಸ್ಕಾರ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ), ಸುಮಾರು 190 ಲೀಟರ್. ಗ್ರಾವಿಟಿ (ನೀರಿನ ಉಪ್ಪಿನಂಶ ತಿಳಿಸುವ ಅಳತೆ) 1.025, ಉಷ್ಣತೆ 26 ಡಿಗ್ರಿ. ಹವಳದ ಬಗೆಯಲ್ಲಿ ಲೆದರ್, ಮಶ್ರೂಮ್, ಜೊಯಾಂತಿಡ್ ಇವೆ. ಮೀನಿನಲ್ಲಿ ಒಂದು ಜೋಡಿ ಕ್ಲೌನ್, ಒಂದು ಸಿಕ್ಸ್‌ಲೈನ್ ರಾಸ್. ಎರಡು ವಾರದಲ್ಲಿ ಜೊಯಾಂತಿಡ್ 20 ತಲೆಯಿಂದ 12ಕ್ಕೆ ಇಳಿದಿದೆ. ಹಗಲು ಅದರ ಹತ್ತಿರ ಏನೂ ಸುಳಿಯುವುದಿಲ್ಲ. ರಾತ್ರಿ ಕಲ್ಲಿನೊಳಗಿಂದ ಟಕ್ ಟಕ್ ಸದ್ದು. ಮೊನ್ನೆ ಟಾರ್ಚ್ ಬಿಟ್ಟಾಗ ಬೆರಳುದ್ದದ ಗುಲಾಬಿ ಹುಳ ಸರಕ್ಕನೆ ಸಂದಿಗೆ ಸೇರಿತು. ಅದನ್ನೇ ಹಿಡಿದು ತೆಗೆಯಲಾ?

ಉತ್ತರ (ಟ್ಯಾಂಕ್ ನಿರ್ವಹಣೆಯವರು): ಹುಳಕ್ಕೆ ಈಗಲೇ ಕೈ ಹಾಕಬೇಡಿ. ಅದು ಬ್ರಿಸಲ್ ವರ್ಮ್ ಇರಬೇಕು. ಉಳಿದ ಆಹಾರ, ಸತ್ತದ್ದನ್ನು ತಿಂದು ಟ್ಯಾಂಕ್ ಚೊಕ್ಕ ಮಾಡುವ ಜೀವಿ. ಸಾಯುತ್ತಿರುವ ಪಾಲಿಪ್ (ನೀವು ತಲೆ ಅಂದದ್ದು) ಮೇಲೆ ಕೂತದ್ದನ್ನು ನೋಡಿ ಅದೇ ಕೊಂದಿತು ಅಂತ ಜನ ತೀರ್ಮಾನಿಸುತ್ತಾರೆ. ಅವು ಹತ್ತಾರು ಕಂಡರೆ ನೀವು ಹಾಕುವ ಆಹಾರ ಹೆಚ್ಚಾಗಿದೆ ಅಂತ ಅರ್ಥ, ಅದನ್ನು ಕಡಿಮೆ ಮಾಡಿ. ಬರಿಗೈಲಿ ಮುಟ್ಟಿ ಮುಳ್ಳು ಚುಚ್ಚಿದರೆ ಉಜ್ಜಬೇಡಿ, ಸೆಲ್ಲೋಟೇಪ್ ಒತ್ತಿ ಕಿತ್ತರೆ ಬರುತ್ತದೆ.

ಮೊದಲು ನೋಡುವ ಕ್ರಮ ಸರಿ ಮಾಡಿಕೊಳ್ಳೋಣ. ಬಿಳಿ ಟಾರ್ಚ್ ಬಿಟ್ಟರೆ ನಿಮಗೆ ಕಾಣುವುದು ಓಡಿಹೋಗುವ ಬಾಲ ಮಾತ್ರ. ಏಡಿ, ಸೀಗಡಿ, ಹುಳಗಳಲ್ಲಿ ಹೆಚ್ಚಿನವಕ್ಕೆ ಕೆಂಪು ಬೆಳಕು ಅಷ್ಟಾಗಿ ತಿಳಿಯುವುದಿಲ್ಲ. ದೀಪಾವಳಿಯ ಗೂಡುದೀಪಕ್ಕೆ ಅಂಟಿಸುವ ಕೆಂಪು ಜಿಲೆಟಿನ್ ಹಾಳೆಯನ್ನು ಎರಡು-ಮೂರು ಮಡಿಕೆ ಮಾಡಿ ಟಾರ್ಚ್ ಮುಖಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಸಾಕು. ಕೋಣೆಯ ದೀಪವನ್ನೂ ಆರಿಸಿ, ಇಲ್ಲದಿದ್ದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಟಾರ್ಚನ್ನು ಗಾಜಿಗೆ ತಾಗಿಸಿ ಓರೆಯಾಗಿ ಹಿಡಿಯಿರಿ. ಕಣ್ಣು ಕತ್ತಲೆಗೆ ಹೊಂದಲು ಹತ್ತು ನಿಮಿಷ ಬೇಕು.

ಟ್ಯಾಂಕ್ ದೀಪ 9ಕ್ಕೆ ಆರುವುದಾದರೆ 11ರ ಹೊತ್ತಿಗೆ ಒಮ್ಮೆ, ಬೆಳಗಿನ ಜಾವ ದೀಪ ಹತ್ತುವ ಮೊದಲು ಇನ್ನೊಮ್ಮೆ ನೋಡಿ. ವೇವ್‌ಮೇಕರ್ (ನೀರು ಅಲುಗಿಸುವ ಪಂಪ್) ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಮೊಬೈಲಲ್ಲಿ ಅಲಾರಂ ಇಟ್ಟುಕೊಳ್ಳಿ. ಮರೆತು ಮಲಗಿದರೆ ಬೆಳಿಗ್ಗೆ ಮೀನು ಉಸಿರಿಗೆ ಗಾಳಿ ಸಾಲದೆ ಮೇಲೆ ಬಂದು ಬಾಯಿ ಬಡಿಯುತ್ತಿರುತ್ತವೆ.

ಜೊಯಾಂತಿಡ್ ರಾತ್ರಿ ಮುದುಡುತ್ತದೆ, ಲೆದರ್ ಕೂಡ ಪಾಲಿಪ್ ಒಳಗೆಳೆದು ಕೂರುತ್ತದೆ. ಅದು ಕಾಯಿಲೆಯಲ್ಲ. ಮುದುಡಿದಾಗ ಕಾಂಡದ ಬುಡ ಬಯಲಾಗುತ್ತದೆ, ನೋಡಬೇಕಾದ್ದು ಅಲ್ಲೇ. ಏನು ಎಲ್ಲಿತ್ತು ಅಂತ ಮೂರು ರಾತ್ರಿ ಬರೆದಿಡಿ.

ಟಕ್ ಟಕ್ ಸದ್ದು ಪಿಸ್ತೂಲ್ ಸೀಗಡಿಯದೂ ಇರಬಹುದು, ಮ್ಯಾಂಟಿಸ್ ಸೀಗಡಿಯದೂ ಇರಬಹುದು, ಕಿವಿಗೆ ಬೇರೆ ಮಾಡಲಾಗದು. ಒಂದು ಕೊಂಬು (ಇಕ್ಕಳದಂಥ ಮುಂಗಾಲು) ಇನ್ನೊಂದಕ್ಕಿಂತ ಬಹಳ ದೊಡ್ಡದಿದ್ದರೆ ಪಿಸ್ತೂಲ್, ಇರಲಿ ಬಿಡಿ. ಬಿಲದ ಬಾಯಲ್ಲಿ ಕಡ್ಡಿ ಮೇಲಿನ ಎರಡು ಕಣ್ಣು ಒಂದು ಅತ್ತ, ಒಂದು ಇತ್ತ ಹೊರಳುತ್ತಿದ್ದರೆ ಮ್ಯಾಂಟಿಸ್, ಮೀನಿಗೂ ಬಸವನಹುಳಕ್ಕೂ ಅಪಾಯ.

ಪ್ರಶ್ನೆ (ಅಂಕೋಲಾ): ನಮ್ಮದರಲ್ಲಿ ಕೊಂಬಿನ ತುದಿ ಕಪ್ಪಗಿರುವ, ಮೈತುಂಬ ಕೂದಲಿನ ಏಡಿ ಕಂಡಿದೆ. ಹಿಡಿಯುವುದು ಹೇಗೆ?

ಉತ್ತರ: ಅದನ್ನು ತೆಗೆಯಲೇಬೇಕು, ದೊಡ್ಡದಾದರೆ ಮಲಗಿದ ಮೀನನ್ನೂ ಹಿಡಿಯುತ್ತದೆ. ನುಣುಪಾದ ಗಾಜಿನ ಲೋಟದೊಳಗೆ ಸೀಗಡಿ ತುಂಡು ಹಾಕಿ, ಬಾಯಂಚು ಕಲ್ಲಿಗೆ ತಾಗುವಂತೆ ಓರೆಯಾಗಿ ನಿಲ್ಲಿಸಿ. ಇಳಿದ ಏಡಿಗೆ ನುಣುಪಿನ ಮೇಲೆ ಹತ್ತಲಾಗದು. ಲೋಟ ತೀರಾ ಮಲಗಿಸಿದರೆ ತಿಂದು ನಡೆದು ಹೋಗುತ್ತದೆ. ಸಿಗದಿದ್ದರೆ ಆ ಕಲ್ಲನ್ನು ಹೊರಗೆ ತೆಗೆದು ಬಿಲಕ್ಕೆ ಸಿರಿಂಜ್‌ನಲ್ಲಿ ಸೋಡಾ ನೀರು ಬಿಡಿ, ತಾನೇ ಹೊರಬೀಳುತ್ತದೆ. ಸೋಡಾ ಟ್ಯಾಂಕ್‌ಗೆ ಬೀಳಬಾರದು.

ಪ್ರಶ್ನೆ (ಕಾರವಾರ): ಮೇಡಂ, ಮೂರು ರಾತ್ರಿ ನೋಡಿದೆ. ಜೊಯಾಂತಿಡ್ ಬುಡದಲ್ಲಿ ಕಪ್ಪು-ಬಿಳಿ ಚೌಕುಳಿಯ, ಚಪ್ಪಟೆ ಸುರುಳಿಯ ಶಂಖ ನಾಲ್ಕು. ಒಂದೊಂದು ಕಾಳುಮೆಣಸಿನಷ್ಟು. ಹಗಲು ಹುಡುಕಿದರೆ ಒಂದೂ ಇಲ್ಲ. ಹುಳ ಆ ಕಡೆ ಬರಲೇ ಇಲ್ಲ. ಇನ್ನೊಂದು: ರಾಸ್ ಸುತ್ತ ಲೋಳೆಯ ಗುಳ್ಳೆ ಕಟ್ಟಿದೆ, ಸೋಂಕಾ?

ಉತ್ತರ: ಸಿಕ್ಕಿತು ನೋಡಿ, ಸಂಡಯಲ್ ಬಸವನಹುಳ. ಜೊಯಾಂತಿಡ್ ತಿಂದೇ ಬದುಕುವುದು. ಆ ಗೊಂಚಲಿರುವ ಕಲ್ಲನ್ನು ಟ್ಯಾಂಕ್ ನೀರು ತುಂಬಿದ ಬಕೆಟ್‌ನಲ್ಲಿಟ್ಟು ಚಿಮುಟದಿಂದ ಒಂದೊಂದಾಗಿ ತೆಗೆಯಿರಿ. ಪಾಲಿಪ್ ನಡುವಿನ ಸಂದಿ, ಕಲ್ಲಿನ ಅಡಿ, ಎಲ್ಲಾ ಮೆತ್ತನೆ ಹಲ್ಲುಬ್ರಷ್‌ನಲ್ಲಿ ಉಜ್ಜಿ. ಮೊಟ್ಟೆ ಉಳಿದೇ ಉಳಿಯುತ್ತವೆ, ಹಾಗಾಗಿ ವಾರಕ್ಕೊಮ್ಮೆ ಮೂರು ಸಲ ಮಾಡಿ. ಬಕೆಟ್ ನೀರು ಟ್ಯಾಂಕ್‌ಗೆ ವಾಪಸ್ ಬೇಡ.

ಕೈಗವಸು, ಕನ್ನಡಕ ಹಾಕದೆ ಇದನ್ನು ಮಾಡಲೇಬೇಡಿ. ಜೊಯಾಂತಿಡ್ ಜಾತಿಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರಬಹುದು. ಆ ಕಲ್ಲನ್ನು ಯಾವತ್ತೂ ಕುದಿಸಬಾರದು, ಬಿಸಿನೀರೂ ಹಾಕಬಾರದು, ಆವಿ ಉಸಿರಾಡಿದರೆ ಆಸ್ಪತ್ರೆ ಸೇರಬೇಕಾಗುತ್ತದೆ.

ರಾಸ್‌ನದು ಸೋಂಕಲ್ಲ, ಅದು ಮಲಗುವ ಗೂಡು. ತಾನೇ ಲೋಳೆ ಸುರಿಸಿ ಹೊದ್ದುಕೊಳ್ಳುತ್ತದೆ. ಬೆಳಿಗ್ಗೆ ತೇಲುವ ಲೋಳೆ ಚೂರು ಅದರದೇ. ಮುಟ್ಟಿ ಎಬ್ಬಿಸಬೇಡಿ.

ಪ್ರಶ್ನೆ (ಶಿರಸಿ): ಮೇಡಮ್ಮೋರೆ, ನಮ್ಮಲ್ಲಿ ಮಳೆಗಾಲದಲ್ಲಿ ಬೆಳಗಿನ ಜಾವದ ಪಿ.ಎಚ್. 7.8ಕ್ಕೆ ಇಳೀತದೆ, ಸಂಜೆ 8.2. ಪಿ.ಎಚ್. ಏರಿಸುವ ಬಫರ್ ಪುಡಿ ಹಾಕಬೇಕಾ?

ಉತ್ತರ: ಬೇಡ. ಕತ್ತಲಾದರೆ ಪಾಚಿ, ಹವಳದೊಳಗಿನ ಪಾಚಿ ಎಲ್ಲವೂ ಕಾರ್ಬನ್ ಡೈಆಕ್ಸೈಡ್ ಹೀರುವುದು ನಿಲ್ಲಿಸುತ್ತವೆ, ಉಸಿರಾಟ ಮಾತ್ರ ನಡೆಯುತ್ತದೆ. ಪಿ.ಎಚ್. ಇಳಿಯುವುದು ಸಹಜ, ಆಮ್ಲಜನಕವೂ ಆಗಲೇ ತೀರಾ ಕಡಿಮೆ. ನಿಮ್ಮಲ್ಲಿ ಮಳೆಗೆ ಕಿಟಕಿ ಮುಚ್ಚಿರುತ್ತೀರಿ, ಮನೆಯೊಳಗಿನ ಗಾಳಿಯಲ್ಲೇ ಕಾರ್ಬನ್ ಡೈಆಕ್ಸೈಡ್ ಹೆಚ್ಚಿರುತ್ತದೆ. ಸ್ಕಿಮ್ಮರ್‌ನ (ಗಾಳಿಗುಳ್ಳೆಯಿಂದ ನೀರಿನ ಕೊಳೆ ತೆಗೆಯುವ ಸಾಧನ) ಗಾಳಿ ಪೈಪನ್ನು ಕಿಟಕಿಯಾಚೆ, ಮಳೆ ನೀರು ಹೋಗದಂತೆ ಬಾಯಿ ಕೆಳಗೆ ಮಾಡಿ ಬಿಡಿ. ವೇವ್‌ಮೇಕರ್ ಮುಖ ಸ್ವಲ್ಪ ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಅಲುಗಬೇಕು. ರಾತ್ರಿ ಕರೆಂಟು ಹೋದರೆ ತಾನೇ ಶುರುವಾಗುವ ಬ್ಯಾಟರಿ ಏರ್‌ಪಂಪ್ ಒಂದು ಇರಲೇಬೇಕು.

ಪ್ರಶ್ನೆ (ಅಂಕೋಲಾ): ಟ್ಯಾಂಕ್‌ಗೆ ಒಳ್ಳೆಯದಾದ ರಾತ್ರಿ ಜೀವಿಗಳು ಬರಲಿ ಅಂತ ನೇತ್ರಾಣಿ ದ್ವೀಪದ ಕಡೆಯ ಹವಳದ ಕಲ್ಲು ತಂದು ಹಾಕಬಹುದಾ?

ಉತ್ತರ: ಖಂಡಿತ ಬೇಡ. ಕಲ್ಲು ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಒಂದು ತುಂಡು ತಂದರೂ ಅಪರಾಧ. ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇರುವವರ ಹತ್ತಿರ ಸಂಪ್‌ನ (ಟ್ಯಾಂಕ್ ಕೆಳಗಿನ ಶೋಧಕ ತೊಟ್ಟಿ) ಒಂದು ಹಿಡಿ ಕೀಟೋ ಪಾಚಿ ಕೇಳಿ ತನ್ನಿ. ಅದರಲ್ಲೇ ಕೋಪೆಪಾಡ್, ಆಂಫಿಪಾಡ್ ಎಂಬ ಸೀಗಡಿ ಬಳಗದ ಪುಟ್ಟ ಜೀವಿಗಳು ನೂರಾರು ಬರುತ್ತವೆ. ತಂದ ಪಾಚಿಯನ್ನು ಬಿಳಿ ತಟ್ಟೆಯಲ್ಲಿ ಹರಡಿ, ಚೌಕುಳಿ ಶಂಖ ಇದೆಯಾ ಅಂತ ನೋಡಿಯೇ ಒಳಗೆ ಬಿಡಿ.